ಕುಬುಸದ ಬುತ್ತಿಗೆ ಪದರದ ಹಿಟ್ಟು

ರೊಟ್ಟಿ ಬಡಿದ ಕೈಗೆ ಪಫ್‌ನ ಹಿಟ್ಟು ಸುಲಭಕ್ಕೆ ಬಗ್ಗುವುದಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ, ಡಬ್ಬಿಗಟ್ಟಲೆ ಮೈದಾ ಹಾಳು ಮಾಡಿ ಕಲಿತ ಮಾತು ಇದು. ನಮ್ಮ ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳಿಗೆ ಹಿಟ್ಟು ಎಂದರೆ ಜೋಳದ ಹಿಟ್ಟು. ಅದಕ್ಕೆ ಕುದಿಯುವ ನೀರು ಹಾಕಬೇಕು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದಿದಷ್ಟೂ ಮಾತು ಕೇಳುತ್ತದೆ. ಪಫ್‌ನ ಹಿಟ್ಟು ಪೂರಾ ಉಲ್ಟಾ. ಅದಕ್ಕೆ ಬಿಸಿ ಆಗದು, ನಾದಿದರೆ ಆಗದು, ಹೆಚ್ಚು ಹೊತ್ತು ಕೈಯಲ್ಲಿ ಹಿಡಿದರೂ ಆಗದು.

ಮೊದಲ ಸಲ ನಾನು ಅದನ್ನು ಮಾಡಿದಾಗ ಮೈದಾಕ್ಕೆ ಬೆಣ್ಣೆ ಹಾಕಿದೆ, ಒಲೆಯ ಮೇಲೆ ರೊಟ್ಟಿಗೆಂದು ಇಟ್ಟಿದ್ದ ಬಿಸಿನೀರನ್ನೇ ರೂಢಿಯಂತೆ ಸುರಿದೆ, ಸೊಂಟ ಕಟ್ಟಿ ನಾದಿದೆ. ಓವನ್ನಿನಿಂದ ಹೊರಬಂದದ್ದನ್ನು ತಾಟಿನಲ್ಲಿ ಹಾಕಿದರೆ ಠಣ್ಣೆಂದು ಸಪ್ಪಳವಾಯಿತು. ನನ್ನ ಅಕ್ಕನ ಮಗಳು ಆಗ ನಮ್ಮ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದಳು. ಒಂದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದಳು. ನನ್ನ ಗಂಡನದು ಮೋಟಾರು ರಿಪೇರಿಯ ಅಂಗಡಿ. "ಚಿಗವ್ವ, ಇವನ್ನ ಕಾಕಾನ ಅಂಗಡಿಗೆ ಕಳಸು. ನಡುವ ಒಂದು ತೂತು ಹೊಡದ್ರ ವಾಶರ್ ಆಗ್ತಾವ" ಎಂದಳು. ಅವಳ ಬೆನ್ನ ಮೇಲೆ ಒಂದು ಗುದ್ದು ಹಾಕಿದೆ, ಆಮೇಲೆ ನಾನೂ ನಕ್ಕೆ.

ಆ ಹುಡುಗಿ ನನ್ನ ಹೊಟ್ಟೆಯಲ್ಲಿ ಹುಟ್ಟಲಿಲ್ಲ ಅನ್ನುವುದೊಂದು ಬಿಟ್ಟರೆ ನನ್ನ ಮಗಳೇ. ನನಗೆ ಮಕ್ಕಳಾಗಲಿಲ್ಲ. ಇದನ್ನು ಹೇಳುವಾಗ ಜನ ನನ್ನ ಮುಖ ನೋಡುವುದಿಲ್ಲ, ನೆಲ ನೋಡುತ್ತಾರೆ. ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ಡಾಕ್ಟರು ಆಯಿತು, ಔಷಧ ಆಯಿತು, ಹರಕೆ ಆಯಿತು. ಮಹಾಕೂಟದ ಗುಡಿಯ ಹೊಂಡದಲ್ಲಿ ಮುಳುಗಿಸಲು ನನ್ನನ್ನು ಕರೆದುಕೊಂಡು ಹೋದವಳು ನನ್ನ ಅಕ್ಕನೇ. ನೀರು ತಣ್ಣಗಿತ್ತು, ನಾನು ಹಿಂಜರಿದೆ, ಅವಳು ನನ್ನ ಕೈ ಹಿಡಿದು ತಾನೂ ಸೀರೆ ಸಮೇತ ಇಳಿದಳು. "ಆಗ್ತದ ಬಾ, ನಾ ಅದೀನಿ" ಎಂದಳು. ಆಗಲಿಲ್ಲ. ಆದರೆ ಆ ಕೈಯನ್ನು ನಾನು ನಂಬಿದ್ದೆ. ನಂಬಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ನನ್ನ ಬಾಳಿನಲ್ಲಿ ಆ ಗಾದೆಗೆ ಅರ್ಥ ಬಂದದ್ದು ನನ್ನ ಅಕ್ಕನಿಂದ. ಇದನ್ನು ಬರೆಯುವಾಗಲೂ ಸಿಟ್ಟು ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಹೇಳುವವಳೂ ನಾನಲ್ಲ.

ಅಕ್ಕನನ್ನು ಕೊಟ್ಟದ್ದು ಇಳಕಲ್ಲಿಗೆ. ಭಾವನದು ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸ. ಅವರಿಗೆ ಒಬ್ಬಳೇ ಮಗಳು. ಹತ್ತನೆಯದು ಮುಗಿಸಿದ ಮೇಲೆ ಅವಳನ್ನು ನನ್ನ ಮನೆಯಲ್ಲಿ ಬಿಟ್ಟರು. ಪಿಯುಸಿಯಿಂದ ಡಿಗ್ರಿ ಮುಗಿಯುವ ತನಕ ಅವಳು ನವನಗರದ ನಮ್ಮ ಮನೆಯಲ್ಲಿ ಬೆಳೆದಳು. ಅವಳ ತಲೆಗೆ ಎಣ್ಣೆ ಹಚ್ಚಿದ್ದು ನಾನು, ಜ್ವರ ಬಂದಾಗ ದವಾಖಾನೆಗೆ ಹೊತ್ತದ್ದು ನಾನು, ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಮೊಸರು ಸಕ್ಕರೆ ಕೊಟ್ಟದ್ದು ನಾನು. ಇದನ್ನು ಲೆಕ್ಕ ಒಪ್ಪಿಸುವುದಕ್ಕೆ ಹೇಳುತ್ತಿಲ್ಲ. ಅವಳು ಯಾರ ಕೈಯ ಅನ್ನ ತಿಂದು ದೊಡ್ಡವಳಾದಳು ಅನ್ನುವುದು ಗೊತ್ತಿರಲಿ ಎಂದು ಹೇಳಿದೆ.

ಅವಳಿಗೆ ಕಾಲೇಜಿನ ಹತ್ತಿರದ ಬೇಕರಿಯ ಪಫ್ ಎಂದರೆ ಪ್ರಾಣ. ನಮ್ಮ ಮನೆಯಲ್ಲಿ ತತ್ತಿ, ಅಂದರೆ ಮೊಟ್ಟೆ, ನಡೆಯುವುದಿಲ್ಲ. ಬೇಕರಿಯವರು ಮೇಲೆ ಹೊಳಪು ಬರಲಿ ಎಂದು ತತ್ತಿ ಸವರುತ್ತಾರೆ ಎಂದು ಯಾರೋ ಹೇಳಿದ ಮೇಲೆ ಅವಳು ತಿನ್ನುವುದನ್ನು ಬಿಟ್ಟಳು, ಆದರೆ ಬೇಕರಿಯ ಮುಂದೆ ಹಾದುಹೋಗುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅದಕ್ಕೇ ನಾನು ಹಟ ಹಿಡಿದೆ. ವಾಶರ್ ಆದ ದಿನ ಸಂಜೆ ಪಕ್ಕದ ಮನೆಯ ಭಾಭಿಯನ್ನು ಕರೆದೆ. ಅವಳ ತವರಿನವರದು ಹಳೇ ಊರಿನಲ್ಲಿ ಬೇಕರಿ. ನನ್ನ ಹಿಟ್ಟನ್ನು ಬೆರಳಿಂದ ಒತ್ತಿ ನೋಡಿದವಳೇ ನಗಲಿಕ್ಕೆ ಹತ್ತಿದಳು.

"ಅಕ್ಕಾರ, ಇದರ ಜೋಡಿ ಏನು ಜಗಳಾ ಆಡೀರಿ? ಇದಕ್ಕ ಬಡೀಬಾರದು, ನಾದಬಾರದು. ನೀವು ಮುಟ್ಟಿದ್ದು ಅದಕ್ಕ ಗೊತ್ತಾಗಬಾರದು, ಅಷ್ಟು ಹಗೂರ ಮುಟ್ಟಬೇಕು."

"ಹಂಗಾದ್ರ ಹಿಟ್ಟು ಹ್ಯಾಂಗ ಕೂಡ್ತದವಾ?"

"ಕೂಡಬಾರದರಿ. ಅದ ಅದರ ಗುಟ್ಟು. ಬೆಣ್ಣಿ ಬ್ಯಾರೆ, ಹಿಟ್ಟು ಬ್ಯಾರೆ ಉಳೀಬೇಕು. ಕೂಡಿದ್ರ ಬಿಸ್ಕೀಟು, ಕೂಡದಿದ್ರ ಪದರು."

ಬೇಕರಿಯವರು ಮಾಡುವ ದೊಡ್ಡ ರಗಳೆಯ ವಿಧಾನ ಮನೆಗೆ ಬೇಡ ಎಂದು ಅವಳು ನನಗೆ ಸುಲಭದ್ದೊಂದನ್ನು ಕಲಿಸಿದಳು. ಬೆಣ್ಣೆಯನ್ನು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು ಕಲ್ಲು ಮಾಡಬೇಕು. ಉಪ್ಪು ಹಾಕಿದ ಮೈದಾದ ಮೇಲೆ ಅದನ್ನು ಕೊಬ್ಬರಿ ತುರಿದ ಹಾಗೆ ದಪ್ಪಗೆ ತುರಿಯಬೇಕು. ತುರಿದ ಬೆಣ್ಣೆಗೆ ಬೆರಳ ತುದಿಯಿಂದ ಹಿಟ್ಟು ಹಾರಿಸಿ ಹಾರಿಸಿ ಹತ್ತಿಸಬೇಕು. ಬರ್ಫಿನ, ಅಂದರೆ ಐಸಿನ, ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ, ಅದನ್ನು ಚಿಮುಕಿಸುತ್ತ, ಚೂರು ಚೂರಾಗಿದ್ದನ್ನು ಬರೀ ಒಟ್ಟುಗೂಡಿಸಿ ಒಂದು ಗಂಟು ಮಾಡಬೇಕು. ಆ ಗಂಟು ನೋಡಲಿಕ್ಕೆ ಅಷ್ಟೇನೂ ಚೆಂದ ಇರುವುದಿಲ್ಲ, ಹರಕು ಮುರುಕು. ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಮಲಗಿಸಿ, ಉದ್ದಕ್ಕೆ ಲಟ್ಟಿಸಿ, ಸೀರೆ ಮಡಚಿದ ಹಾಗೆ ಮೂರು ಮಡಿಕೆ ಮಾಡಿ, ಅಡ್ಡ ತಿರುಗಿಸಿ, ಮತ್ತೆ ಲಟ್ಟಿಸಿ, ಮತ್ತೆ ಮಡಚಿ, ಮತ್ತೆ ಮಲಗಿಸಬೇಕು. ಬಿಸಿಗೆ ಒಳಗಿನ ಬೆಣ್ಣೆ ಕರಗಿ ಉಗಿ ಎದ್ದು ಮಡಿಕೆಗಳನ್ನು ಎತ್ತುತ್ತದೆ.

ಹೇಳಲಿಕ್ಕೆ ಸುಲಭ. ನಮ್ಮ ಊರಿನ ಬಿಸಿಲಲ್ಲಿ ಬೆಣ್ಣೆ ಕಣ್ಣೆದುರಿಗೇ ಕರಗಿ ಮಣೆಗೆ ಮೆತ್ತಿಕೊಳ್ಳುತ್ತಿತ್ತು. ಭಾವನಿಗೆ ಹೇಳಿದೆ, ಅವರು ಇಳಕಲ್ಲಿನ ಕೆಂಪು ಕಲ್ಲಿನ ಒಂದು ಚಪ್ಪಡಿಯನ್ನು ಒಲೆಯ ಕಟ್ಟೆಯ ಅಳತೆಗೆ ಕೊಯ್ಯಿಸಿ, ಪಾಲಿಶ್ ಮಾಡಿಸಿ, ಹುನಗುಂದದ ಕಡೆಯಿಂದ ಬರುವ ಟೆಂಪೋದಲ್ಲಿ ಹಾಕಿ ಕಳಿಸಿದರು. ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಬರ್ಫು ಇಟ್ಟು ತಣ್ಣಗೆ ಮಾಡಿಕೊಂಡು ಲಟ್ಟಿಸಿದರೆ ಹಿಟ್ಟು ಅಲುಗಾಡದೆ ಕೂತಿತು. ಅಂದು ಮೊದಲ ಬಾರಿ ಪದರು ಎದ್ದವು. ಮೇಲೆ ತತ್ತಿಯ ಬದಲು ಹಾಲು ಸವರಿದ್ದೆ, ಅದಕ್ಕೂ ಹೊಳಪು ಬಂದಿತ್ತು. ಒಳಗೆ ಆಲೂಗಡ್ಡೆ, ನಮ್ಮ ಕೆಂಪು ಖಾರ. ಹುಡುಗಿ ನಿಂತಲ್ಲೇ ತಿಂದಳು. ಚೂರುಗಳು ಅಂಗಿಯ ಮೇಲೆಲ್ಲ ಉದುರಿದವು, ಅವನ್ನೂ ಬೆರಳಿಗೆ ಹತ್ತಿಸಿಕೊಂಡು ನೆಕ್ಕಿದಳು. "ಚಿಗವ್ವ, ನನ್ನ ಲಗ್ನಕ್ಕ ಊಟಾ ಬ್ಯಾಡ, ಇದನ್ನ ಹಾಕಿಸು" ಎಂದಳು.

ಅವಳ ಲಗ್ನ ಬದಾಮಿಗೆ ಆಯಿತು. ಮನೆ ಒಳ್ಳೆಯದು, ಹುಡುಗ ಒಳ್ಳೆಯವನು, ಅತ್ತೆ ಮಾತಿನವಳಾದರೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ನಮ್ಮ ಹಾಗೆ ಅವರೂ ಲಿಂಗವಂತರು, ತತ್ತಿಯ ವಾಸನೆಯೂ ಆಗದು. ಎರಡು ವರ್ಷದ ಮೇಲೆ ಹುಡುಗಿ ಬಸುರಿಯಾದಳು. ಸುದ್ದಿ ಕೇಳಿದ ದಿನ ನಾನು ಇಡೀ ಓಣಿಗೆ ಪೇಢೆ ಹಂಚಿದೆ. ಭಾಭಿ ನನ್ನನ್ನು ಅಪ್ಪಿಕೊಂಡು "ಅಜ್ಜಿ ಆಗ್ತೀರಿ ಅಕ್ಕಾರ" ಎಂದಳು. ಆ ಮಾತನ್ನು ನನಗೆ ಬೇರೆ ಯಾರೂ ಹೇಳಿರಲಿಲ್ಲ.

ಏಳನೇ ತಿಂಗಳಲ್ಲಿ ನಮ್ಮ ಕಡೆ ಕುಬುಸ ಮಾಡುತ್ತಾರೆ. ತವರಿನವರು ಬಸುರಿಗೆ ಹಸಿರು ಸೀರೆ, ಕುಬುಸ, ಬಳೆ ತೆಗೆದುಕೊಂಡು, ತರತರದ ಅಡುಗೆಯ ಬುತ್ತಿ ಕಟ್ಟಿಕೊಂಡು ಗಂಡನ ಮನೆಗೆ ಹೋಗುತ್ತಾರೆ. ಅವಳನ್ನು ಕೂಡಿಸಿ, ಉಡಿ ತುಂಬಿ, ಆರತಿ ಮಾಡಿ, ಬಯಸಿದ್ದನ್ನೆಲ್ಲ ಉಣ್ಣಿಸುತ್ತಾರೆ. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಕುಬುಸಕ್ಕೆ ಒಂದು ವಾರ ಇರುವಾಗ ಹುಡುಗಿ ಫೋನು ಮಾಡಿದಳು.

"ಚಿಗವ್ವ, ಹೋಳಿಗಿ ಗೀಳಿಗಿ ಅವ್ವ ತರ್ತಾಳ. ನನಗ ನಿನ್ನ ಪಫ್ ಬೇಕು. ಕನಸಿನ್ಯಾಗೂ ಬರಾಕತ್ತಾವ."

"ಬ್ಯಾರೆ ಏನರ ಬೇಕೇನು?"

"ಬ್ಯಾರೆ ಏನೂ ಬ್ಯಾಡ. ಪಫ್ ತಗೊಂಡ ಬಾ. ನೀ ಬಾ."

ನನಗೆ ಇನ್ನೇನು ಬೇಕಿತ್ತು? ಹಡೆಯದ ಹೊಟ್ಟೆಯವಳಿಗೆ ಬಸುರಿಯೊಬ್ಬಳು ನಿನ್ನ ಕೈಯದೇ ಬೇಕು ಎನ್ನುವುದು ಎಂಥ ಮಾತು ಅನ್ನುವುದು ಹಡೆದವರಿಗೆ ತಿಳಿಯುವುದಿಲ್ಲ. ಅಕ್ಕನಿಗೆ ಹೇಳಿದೆ. ಅವಳು "ಆತು, ಮಾಡಿಕೊಂಡ ಬಾ. ಆದ್ರ ನೀ ಒಬ್ಬಾಕೀನ ಅವರ ಮನಿಗೆ ಹೋಗಬ್ಯಾಡ. ಬದಾಮಿ ಬಸ್ ಸ್ಟ್ಯಾಂಡಿನ್ಯಾಗ ಇರು, ನಾವು ಗಾಡಿ ತಗೊಂಡು ಬರ್ತೇವಿ, ಕೂಡೇ ಹೋಗೂಣು" ಎಂದಳು. ತವರಿನವರೆಲ್ಲ ಒಟ್ಟಿಗೆ ಹೋಗುವುದು ಪದ್ಧತಿ, ಸರಿಯೇ ಅನ್ನಿಸಿತು.

ಅದು ಬೇಸಿಗೆ. ನಮ್ಮೂರ ಬೇಸಿಗೆ ಎಂದರೆ ಗೋಡೆಗೆ ಕೈ ಇಟ್ಟರೆ ಸುಡುತ್ತದೆ. ಹಿಂದಿನ ದಿನವೇ ಬೆಣ್ಣೆ ಕಲ್ಲಾಗಲು ಇಟ್ಟಿದ್ದೆ. ಕೋಳಿ ಕೂಗುವ ಮೊದಲು ಎದ್ದು, ಮಿಂದು, ಕಲ್ಲಿನ ಮೇಲೆ ಬರ್ಫು ಹರಡಿದೆ. ನನ್ನ ಕೈಯ ಕಾವು ಹಿಟ್ಟಿಗೆ ತಾಗಬಾರದು ಎಂದು ನಡುನಡುವೆ ಬೆರಳುಗಳನ್ನು ತಣ್ಣೀರಲ್ಲಿ ಅದ್ದಿ ಒರೆಸಿಕೊಂಡೆ. ತುರಿದೆ, ಹಾರಿಸಿದೆ, ಕೂಡಿಸಿದೆ, ಲಟ್ಟಿಸಿದೆ, ಮಡಚಿದೆ. ಹಿಟ್ಟು ಫ್ರಿಜ್ಜಿನಲ್ಲಿ ಮಲಗಿದ ಹೊತ್ತಿನಲ್ಲಿ ಆಲೂಗಡ್ಡೆಯ ಪಲ್ಯ ಮಾಡಿದೆ, ಬಸುರಿ ಎಂದು ಖಾರ ಒಂದು ಚೂರು ಕಡಿಮೆ ಹಾಕಿದೆ. ನನ್ನ ಗಂಡ ಎದ್ದು ಬಂದು ನೋಡಿ "ಇಷ್ಟು ಹಗೂರ ಕೈ ನನ್ನ ಮ್ಯಾಲ ಒಮ್ಮೆನೂ ಇಟ್ಟಿಲ್ಲಲ್ಲ ನೀ" ಎಂದ. "ನೀವೂ ಒಂದು ತಾಸು ಫ್ರಿಜ್ಜಿನ್ಯಾಗ ಕುಂದರ್ರಿ, ನೋಡೂಣು" ಎಂದೆ. ಅಷ್ಟು ಖುಷಿಯಲ್ಲಿದ್ದೆ ನಾನು. ಸಣ್ಣ ಓವನ್ನು, ಒಂದು ಬಾರಿಗೆ ಸ್ವಲ್ಪವೇ ಹಿಡಿಯುತ್ತದೆ. ಒಂದೊಂದು ತಟ್ಟೆ ಹೊರಗೆ ಬಂದಾಗಲೂ ಪದರು ಎದ್ದು ನಿಂತಿದ್ದವು. ಒಂದೂ ಕೆಟ್ಟಿರಲಿಲ್ಲ. ಎಲ್ಲವನ್ನೂ ಆರಿಸಿ, ನಡುವೆ ಕಾಗದ ಹಾಕಿ, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿದೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಗುಳೇದಗುಡ್ಡ ದಾಟುವ ತನಕ ಪಕ್ಕದ ಮುದುಕಿ "ಏನೈತವಾ ಅದರಾಗ, ಕೂಸಿನಂಗ ಹಿಡಕೊಂಡೀಯಲ್ಲ" ಎಂದು ಕೇಳುತ್ತಲೇ ಇದ್ದಳು. "ನಮ್ಮ ಹುಡುಗಿಗೆ ಬಯಕಿ ಬುತ್ತಿ" ಎಂದೆ. ನಮ್ಮ ಹುಡುಗಿ ಎಂದೆ. ಅವಳು ನನ್ನನ್ನೇ ತಾಯಿ ಎಂದುಕೊಂಡಳು, ನಾನು ತಿದ್ದಲಿಲ್ಲ.

ಬದಾಮಿಯ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನ ಗಾಡಿ ಆಗಲೇ ನಿಂತಿತ್ತು. ಹಿಂದೆ ಬಿದಿರಿನ ಬುಟ್ಟಿಗಳು ತುಂಬಿದ್ದವು: ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ರೊಟ್ಟಿ, ಮೊಸರನ್ನ. ಅಕ್ಕ ನನ್ನ ಡಬ್ಬಿ ತೆಗೆದುಕೊಂಡು, ಅಲ್ಲೇ ಸೀಟಿನ ಮೇಲೆ ಒಂದು ಖಾಲಿ ಬುಟ್ಟಿ ಇಟ್ಟು, ಪಫ್‌ಗಳನ್ನು ಒಂದೊಂದಾಗಿ ಅದಕ್ಕೆ ಜೋಡಿಸಿ, ಮೇಲೆ ಹೊಸ ಖಣದ ಬಟ್ಟೆ ಹೊದಿಸಿದಳು. "ಸ್ಟೀಲ್ ಡಬ್ಬಿ ಚೆಂದ ಕಾಣೂದಿಲ್ಲ, ಎಲ್ಲಾ ಬುತ್ತಿ ಒಂದೇ ಥರ ಇರ್ಲಿ" ಎಂದಳು. ನನ್ನ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿದಳು. ಚೆಂದಕ್ಕೆ ಮಾಡುತ್ತಾಳೆ ಎಂದು ನಾನೂ ಬಟ್ಟೆಯ ಅಂಚು ಸರಿ ಮಾಡಿದೆ.

ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮುಖ ತುಂಬಿಕೊಂಡಿತ್ತು. ಎಲ್ಲರಿಗಿಂತ ಮೊದಲು ನನ್ನ ಕೊರಳಿಗೆ ಬಿದ್ದು, ಕಿವಿಯಲ್ಲಿ "ತಂದೀ?" ಎಂದಳು. "ತಂದೀನಿ" ಎಂದೆ. ಅವಳ ಕಣ್ಣು ಬುಟ್ಟಿಗಳ ಮೇಲೆ ಓಡಿತು.

ಬುಟ್ಟಿಗಳನ್ನು ಪಡಸಾಲೆಯಲ್ಲಿ ಸಾಲಾಗಿ ಇಟ್ಟು ಬಟ್ಟೆ ತೆಗೆದರು. ಬೀಗತಿ, ಅಂದರೆ ಹುಡುಗಿಯ ಅತ್ತೆ, ಒಂದೊಂದನ್ನೂ ನೋಡುತ್ತ ಬಂದು ಪಫ್‌ನ ಬುಟ್ಟಿಯ ಮುಂದೆ ನಿಂತಳು. ಮೇಲಿನ ಹೊಳಪು ನೋಡಿ ಅವಳ ಹುಬ್ಬು ಗಂಟಾಯಿತು.

"ಇವು ಬೇಕರೀವೇನ್ರಿ? ತತ್ತಿ ಹಚ್ಚಿರ್ತಾರಲ್ರಿ ಮ್ಯಾಲ."

ನಾನು ಬಾಯಿ ತೆರೆಯುವ ಮೊದಲು ಅಕ್ಕ ಮಾತಾಡಿದಳು. "ಇಲ್ರಿ, ಇಲ್ರಿ. ಮನ್ಯಾಗ ಮಾಡಿದ್ದರಿ. ಮ್ಯಾಲ ಹಾಲು ಹಚ್ಚೇತಿ. ನಾನ ಮಾಡೀನಿ, ನನ್ನ ಕೈಯಾರೆ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ.

ಬೀಗತಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಪದರು ಚುರುಚುರು ಎಂದವು. "ಅಯ್ಯ ನಮ್ಮವ್ವಾ, ಎಷ್ಟು ಹಗೂರ ಆಗ್ಯಾವ! ಹ್ಯಾಂಗ ಮಾಡಿದ್ರಿ? ನನಗೂ ಹೇಳಿಕೊಡ್ರಿ" ಎಂದಳು. ನೆರೆಮನೆಯ ಹೆಂಗಸರೂ ಕಿವಿ ಕೊಟ್ಟರು. ಅಕ್ಕ ಎಂದೂ ಆ ಹಿಟ್ಟನ್ನು ಮುಟ್ಟಿದವಳಲ್ಲ. ಒಂದು ಗಳಿಗೆ ತಡವರಿಸಿ, ಇಳಕಲ್ಲಿನ ತನ್ನ ಅಡುಗೆಮನೆಯಲ್ಲಿ ದಿನಾ ಏನು ಮಾಡುತ್ತಾಳೋ ಅದನ್ನೇ ಹೇಳಿದಳು. "ಏನಿಲ್ರಿ, ಮೈದಾಕ್ಕ ಬೆಣ್ಣಿ ಹಾಕಿ, ಚೊಲೊ ಬಿಸಿನೀರಾಗ ಕಲಸಬೇಕು. ಆಮ್ಯಾಲ ಭೇಷಿ ನಾದಬೇಕ್ರಿ. ನಾದಿದಷ್ಟೂ ಚೊಲೊ."

ನನ್ನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತ್ತು. ನುಂಗಿದೆ. ಮಗಳ ಅತ್ತೆಯ ಮುಂದೆ ತನ್ನ ಹೆಸರು ಆಗಲಿ ಎಂಬ ಆಸೆ ತಾಯಿಗೆ ಇರುತ್ತದೆ, ಇರಲಿ, ನನಗೆ ಹೆಸರು ತೆಗೆದುಕೊಂಡು ಏನಾಗಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗಿ ತಿಂದರೆ ಆಯಿತು. ಆದರೂ ಸಿಟ್ಟು ಬಂತು. ಇಷ್ಟು ಹಸಿ ಸುಳ್ಳು, ಅದೂ ನಾನು ಪಕ್ಕದಲ್ಲೇ ನಿಂತಿರುವಾಗ. ಮೂಲೆಯಲ್ಲಿ ಒಂದು ಮಣೆ ಎಳೆದುಕೊಂಡು ಕೂತೆ.

ಹುಡುಗಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ ಪಡಸಾಲೆಯ ನಡುವೆ ಕೂಡಿಸಿದರು. ಮುತ್ತೈದೆಯರು ಒಬ್ಬೊಬ್ಬರೇ ಬಂದು ಉಡಿ ತುಂಬಿ ಆರತಿ ಮಾಡಿದರು. ಇಂಥ ಕಡೆ ನಾನು ಮುಂದೆ ಹೋಗುವುದಿಲ್ಲ. ಯಾರೂ ಹೋಗಬೇಡ ಎನ್ನುವುದಿಲ್ಲ, ಆದರೆ ಯಾರೂ ಬಾ ಎಂದೂ ಕರೆಯುವುದಿಲ್ಲ. ವರ್ಷಗಟ್ಟಲೆ ಹಾಗೆ ಕೂತು ಕೂತು ಆ ಮೂಲೆ ನನಗೆ ರೂಢಿಯಾಗಿದೆ. ಅಂದು ಮಾತ್ರ ಬೀಗತಿಯೇ ನನ್ನ ಕಡೆ ತಿರುಗಿದಳು.

"ಚಿಗವ್ವಾರ, ನೀವ್ಯಾಕ ಅಲ್ಲೆ ಕುಂತೀರಿ? ಬರ್ರಿ, ನೀವೂ ಉಡಿ ತುಂಬ್ರಿ. ಹುಡುಗಿ ನಿಮ್ಮ ಮನ್ಯಾಗ ಬೆಳದಾಳ ಅಂತಾಳ, ದಿನಾ ನಿಮ್ಮದ ಸುದ್ದಿ ಇರ್ತದ ಆಕಿ ಬಾಯಾಗ."

ಸೆರಗು ಸರಿ ಮಾಡಿಕೊಂಡು ಏಳಲಿಕ್ಕೆ ನೆಲಕ್ಕೆ ಕೈ ಊರಿದೆ. ಅಷ್ಟರಲ್ಲಿ ಅಕ್ಕ ಆರತಿಯ ತಟ್ಟೆಯನ್ನು ಎತ್ತಿಕೊಂಡು ಬೇರೆಯವರ ಕೈಗೆ ಕೊಟ್ಟಳು.

"ಆಕಿಗೆ ಮೊಣಕಾಲು ಭಾಳ ನೋಯ್ತಾವರಿ. ಏಳಾಕ ಕುಂದ್ರಾಕ ಆಗೂದಿಲ್ಲ. ಇರ್ಲಿ ಬಿಡ್ರಿ, ಅಲ್ಲೇ ಕುಂದರ್ಲಿ."

ನನಗೆ ಮೊಣಕಾಲು ನೋವಿಲ್ಲ. ಅಂದು ಬೆಳಗಿನಿಂದ ನಿಂತೇ ಕೆಲಸ ಮಾಡಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನನ್ನ ಮುಂದೆಯೇ ನಡೆದುಹೋಯಿತು. ಬೀಗತಿ ಪಾಪ, "ಹೌದ್ರೀ? ಎಣ್ಣಿ ಹಚ್ಚಿಸ್ಕೊಳ್ರಿ" ಎಂದು ಕಾಳಜಿಯಿಂದ ಹೇಳಿದಳು. ಊರಿದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಅಕ್ಕನ ಕಡೆ ನೋಡಿದರೆ ಅವಳು ಹೂವಿನ ದಂಡೆ ಸರಿಪಡಿಸುತ್ತಿದ್ದಳು.

ಅಷ್ಟಾದರೂ ನನ್ನ ಮನಸ್ಸು ಅವಳಿಗಾಗಿ ನೆವ ಹುಡುಕುತ್ತಿತ್ತು. ಬಂದ ಹೆಂಗಸರಲ್ಲಿ ಯಾರಾದರೂ ಏನಾದರೂ ಅಂದು ನನಗೆ ನೋವಾದೀತು ಎಂದು ಹಾಗೆ ಮಾಡಿದಳೋ ಏನೋ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. ಮಹಾಕೂಟದ ನೀರಿಗೆ ನನ್ನ ಜೊತೆ ಇಳಿದವಳು. ಅವಳ ಮೇಲೆ ಹೊರಿಸಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಆಮೇಲೆ ಉಣ್ಣಿಸುವುದು. ಹುಡುಗಿಯ ಮುಂದೆ ಬೆಳ್ಳಿಯ ತಾಟು ಇಟ್ಟು ಬುತ್ತಿಯ ಒಂದೊಂದು ಪದಾರ್ಥವನ್ನೂ ಬಡಿಸಿದರು. ಉಳಿದವರಿಗೆ ಸಾಲಾಗಿ ಎಲೆ ಹಾಕಿದರು. ಬಡಿಸುತ್ತಿದ್ದ ಬೀಗತಿ ಹುಡುಗಿಯ ತಾಟಿಗೆ ಎರಡು ಪಫ್ ಹಾಕಿ ಮುಂದೆ ಹೋದಳು. ಹುಡುಗಿ ಹೋಳಿಗೆ ನೋಡಲಿಲ್ಲ, ಕರ್ಚಿಕಾಯಿ ನೋಡಲಿಲ್ಲ. ಪಫ್‌ಗೇ ಕೈ ಹಾಕಿದಳು, ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕಳು. ಆ ಕ್ಷಣಕ್ಕಾಗಿಯೇ ನಾನು ಅಷ್ಟು ಬೇಗ ಎದ್ದಿದ್ದು, ಸಿಟ್ಟು ನುಂಗಿದ್ದು, ಮೂಲೆಯಲ್ಲಿ ಕೂತದ್ದು.

ಅಕ್ಕ ಬಗ್ಗಿ ಅವಳ ಕೈಯಿಂದ ಪಫ್ ತೆಗೆದುಕೊಂಡಳು. ತಾಟಿನಲ್ಲಿದ್ದ ಇನ್ನೊಂದನ್ನೂ ಎತ್ತಿದಳು.

"ಮೈದಾ ಬ್ಯಾಡ ನಿನಗ. ಅರಗೂದಿಲ್ಲ. ಹೋಳಿಗಿ ತಿನ್ನು."

"ಅವ್ವಾ, ಒಂದ..."

"ಬ್ಯಾಡ ಅಂದೆ."

ದನಿ ಸಣ್ಣದಿತ್ತು, ಆದರೆ ನಾನು ಎದುರಿಗೇ ಇದ್ದೆ. ಅಕ್ಕ ಆ ಎರಡನ್ನೂ ಪಕ್ಕದ ಎಲೆಗೆ ಹಾಕಿ, ಹುಡುಗಿಯ ತಾಟಿಗೆ ಹೋಳಿಗೆ ಇಟ್ಟಳು. ಆ ಹೋಳಿಗೆಯ ಕಣಕವೂ ಮೈದಾದ್ದೇ. ಕರ್ಚಿಕಾಯಿಯೂ ಮೈದಾದ್ದೇ. ಅದು ಅಡುಗೆಮನೆಯಲ್ಲಿ ಕಾಲಿಟ್ಟ ಯಾವ ಹೆಂಗಸಿಗೂ ಗೊತ್ತು.

ಆಗ ನಾನು ಎದ್ದೆ. ಮೊಣಕಾಲು ನೋವಿನವಳು ಸರ್ರನೆ ಎದ್ದದ್ದನ್ನು ಯಾರು ನೋಡಿದರೋ ಬಿಟ್ಟರೋ. ಬುಟ್ಟಿಯಿಂದ ಒಂದು ಪಫ್ ತೆಗೆದುಕೊಂಡು ಹುಡುಗಿಯ ಮುಂದೆ ಹೋಗಿ ಕೂತು, ಒಂದು ತುಂಡು ಮುರಿದು ಅವಳ ಬಾಯಿಯ ಹತ್ತಿರ ಹಿಡಿದೆ. "ಇಷ್ಟ ತಿನ್ನು. ನೀನ ಕೇಳಿದ್ದಿ" ಎಂದೆ.

ಅವಳು ಬಾಯಿ ತೆರೆಯಲಿಲ್ಲ. ಮೊದಲು ತನ್ನ ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. ಅವಳ ಎಡಗೈ ತನಗೇ ಗೊತ್ತಿಲ್ಲದ ಹಾಗೆ ಹೊಟ್ಟೆಯ ಮೇಲೆ ಹೋಯಿತು.

"ಆಮ್ಯಾಲ ತಿಂತೇನಿ, ಚಿಗವ್ವ" ಎಂದಳು.

ಅಂಗಿಯ ಮೇಲೆ ಬಿದ್ದ ಚೂರನ್ನೂ ಬಿಡದೆ ನೆಕ್ಕಿದ್ದ ಹುಡುಗಿ. ಆ ತುಂಡನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಅಷ್ಟು ಜನರ ನಡುವೆ ಅದನ್ನು ಹಿಡಿದುಕೊಂಡು ಕೂತುಬಿಟ್ಟೆ. ಸಾಲಿನಲ್ಲಿ ಕೂತವರು ಪಫ್ ಮುರಿದು ತಿನ್ನುತ್ತ ಅಕ್ಕನ ಕೈಗುಣವನ್ನು ಹೊಗಳುತ್ತಿದ್ದರು. ಎಲ್ಲರೂ ತಿಂದರು. ಅವಳೊಬ್ಬಳು ತಿನ್ನಲಿಲ್ಲ.

ಎದ್ದು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೈ ತೊಳೆದುಕೊಂಡೆ. ಬೆನ್ನ ಹಿಂದೆಯೇ ಅಕ್ಕ ಬಂದಳು, ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡುತ್ತ.

"ಮಂದಿ ಮುಂದ ಸಿಟ್ಟ ಮಾಡಬ್ಯಾಡ" ಎಂದಳು.

"ನೀ ಮಾಡೀನಿ ಅಂದಿ, ಬಿಟ್ಟೆ" ಎಂದೆ. "ಉಡಿ ತುಂಬಾಕ ಬಿಡ್ಲಿಲ್ಲ, ಅದನ್ನೂ ಬಿಟ್ಟೆ. ಆಕಿ ಕೈಯಾಗಿಂದ ಯಾಕ ಕಸಗೊಂಡಿ?"

"ಮೈದಾ..."

"ಹೋಳಿಗಿ ಏನು ಮಣ್ಣಿಲೆ ಮಾಡಿದ್ದೇನು? ನನ್ನ ಮಾರಿ ನೋಡಿ ಹೇಳು."

ಅವಳು ನೋಡಲಿಲ್ಲ. "ಬೀಗರು ಏನಾರ ಅಂದಾರು ಅಂತ. ನಿನಗ ಗೊತ್ತಿಲ್ಲ, ಮಂದಿ ಹ್ಯಾಂಗಿರ್ತಾರ."

"ಬೀಗತಿ ತಾನಾಗೇ ಕರದ್ಲು ನನ್ನ. ಹಿಡದು ಕುಂದ್ರಿಸಿದಾಕಿ ನೀನು. ಮಂದಿ ಎಲ್ಲಿ ಬಂದ್ರು ಇದರಾಗ?"

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಒಳಗೆ ಹೆಂಗಸರು ನಗುತ್ತಿದ್ದರು. ಬಾಗಿಲ ಕಡೆ ಇನ್ನೊಮ್ಮೆ ನೋಡಿ ಬಾಯಿ ಬಿಟ್ಟಳು.

"ಏನರ ಹೆಚ್ಚುಕಮ್ಮಿ ಆತು ಅಂದ್ರ... ನಾ ನಂಬೂದಿಲ್ಲ ಅದನ್ನ. ಖರೇನ ಹೇಳ್ತೇನಿ, ನಾ ಇಂಥಾದ್ದು ನಂಬಾಕಿ ಅಲ್ಲ. ಆದ್ರ ಮನಸ್ಸು ಕೇಳವಲ್ದು. ಬಸರಿ ಬುತ್ತಿ ಹಡದಾಕೀ ಕೈಯಾಗಿಂದ ಇರಬೇಕು ಅಂತಾರ. ನಾ ಮಾಡೀನಿ ಅಂದ್ರ ದೃಷ್ಟಿ ಹೋದೀತು ಅಂತ ಅಂದೆ. ಆದ್ರೂ ಆಕಿ ಬಾಯಿಗೆ ಹಾಕೂ ಹೊತ್ತಿಗೆ ನನ್ನ ಕೈ ತಡೀಲಿಲ್ಲ. ಏನ್ ಮಾಡ್ಲಿ? ನನಗ ಆಕಿ ಒಬ್ಬಾಕೀನ ಅದಾಳ."

"ನನಗ ಎಷ್ಟ ಮಂದಿ ಅದಾರಕ್ಕಾ?" ಎಂದೆ.

ಒಳಗಿನಿಂದ ಹುಡುಗಿ "ಅವ್ವಾ" ಎಂದು ಕರೆದಳು. ಅಕ್ಕ ಹೋದಳು.